ಗೇರ್ ಬಾಕ್ಸಿಗೆ ಏನೂ ಆಗಲಿಲ್ಲ!

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಯಂತ್ರಗಳ ವಿಷಯದಲ್ಲಿ ನಾನು ದಡ್ಡನಲ್ಲ. ಸಾಂಗ್ಲಿಯ ಪೇಟೆಯಲ್ಲಿ ಪೈಪು, ಪಂಪು ಮಾರುವ ಅಂಗಡಿ ನನ್ನದು. ಯಾವ ನಟ್ಟಿಗೆ ಯಾವ ಪಾನಾ ಕೂರುತ್ತದೆ ಎಂದು ನೋಡಿದ ಕೂಡಲೇ ಹೇಳಬಲ್ಲೆ. ಹೀಗಿರುವಾಗ ಒಂದು ಹಳೇ ಮರದ ದೋಣಿಯನ್ನು ಜೀಪಿನ ಹಿಂದೆ ಕಟ್ಟಿಕೊಂಡು ಸಮಡೋಳಿಯಿಂದ ಹರಿಪುರಕ್ಕೆ ತರುವುದು ನೀರು ಕುಡಿದಷ್ಟು ಸುಲಭ ಎಂದು ನಾನು ತಿಳಿದದ್ದು ಸಹಜವೇ. ನೀರು ಕುಡಿದದ್ದೂ ನಿಜ. ಅದು ಆಮೇಲಿನ ಮಾತು.

ಆಗ ಊರು ಎಲ್ಲ ದಿಕ್ಕಿಗೂ ಬೆಳೆಯುತ್ತಿದ್ದ ಕಾಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಟೆಲಿಫೋನು ಕೇಳಿದ ತಿಂಗಳಲ್ಲೇ ಮನೆಗೆ ಬರುತ್ತಿತ್ತು. ಜೋಳದ ಹೊಲಗಳಲ್ಲಿ ಪ್ಲಾಟಿನ ಕಲ್ಲು ನಾಟುತ್ತಿದ್ದರು. ಪ್ರತಿ ಪ್ಲಾಟಿಗೂ ಪೈಪು ಬೇಕು, ಪ್ರತಿ ಪೈಪಿಗೂ ನಾನು ಬೇಕು! ಹೀಗಾಗಿ ನಾನೂ ವಿಶ್ರಾಮಬಾಗದ ಆಚೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ, ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪು ಕೊಂಡೆ, ಮಾಳಿಗೆಯ ಮೇಲೆ ಕೇಬಲ್ ಹಾಕಿಸಿದೆ. ಊರಿನ ಅರ್ಧ ನೀರು ನನ್ನ ಪೈಪುಗಳಲ್ಲಿ ಹರಿಯುತ್ತಿತ್ತು. ನನ್ನ ಮನೆಗೆ ಮಾತ್ರ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಟ್ಯಾಂಕರಿನವನು ನಮ್ಮ ತೊಟ್ಟಿಗೆ ನೀರು ಬಿಡುತ್ತಿದ್ದ. ನನ್ನ ಹೆಂಡತಿ ರಾಜಮತಿ ಅಡುಗೆಮನೆಯ ಕಿಟಕಿಯ ಹತ್ತಿರ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕಿಟಕಿಯ ಎದುರಿಗೆ ಇರುವುದು ಪಕ್ಕದವರ ಗೋಡೆ. ನೋಡುವಂಥದ್ದೇನೂ ಇರಲಿಲ್ಲ, ಅದಕ್ಕೇ ಕಣ್ಣು ಮುಚ್ಚಿದ್ದಾಳೆ ಎಂದುಕೊಂಡೆ.

"ಏನ ಮಾಡಾಕತ್ತಿ?" ಎಂದೆ.

"ಸಪ್ಪಳಾ ಕೇಳಾಕತ್ತೇನ್ರಿ," ಎಂದಳು. "ಕಣ್ಣ ಮುಚ್ಚಿದ್ರ ಹೊಳೀ ದಂಡ್ಯಾಗ ನಿಂತಂಗ ಆಗ್ತೈತಿ."

ಟ್ಯಾಂಕರು ಖಾಲಿಯಾಗಿ ಹೋಯಿತು. ಅವಳು ಕಣ್ಣು ತೆರೆದು ರೊಟ್ಟಿ ಬಡಿಯಲು ಕುಳಿತಳು. ನಾನು ಅಂದು ಒಂದೇ ರೊಟ್ಟಿಗೆ ಎದ್ದುಬಿಟ್ಟೆ.

ಇದಕ್ಕೆ ಹಿಂದಿನ ಕಥೆ ಹೇಳಬೇಕು. ನನ್ನ ಊರು ಸಮಡೋಳಿ, ವಾರಣಾ ನದಿಯ ಈಚೆ. ಅವಳ ತವರು ಅದೇ ನದಿಯ ಆಚೆ. ನಮ್ಮ ಮದುವೆಯ ಕಾಲಕ್ಕೆ ಅಲ್ಲಿ ಪೂಲು, ಅಂದರೆ ಸೇತುವೆ, ಇರಲಿಲ್ಲ. ಮದುವೆ ಮುಗಿಸಿ ನಮ್ಮ ಮನೆಯದೇ ದೋಣಿಯಲ್ಲಿ ಅವಳನ್ನು ಕರೆತಂದೆವು. ಹೊಸ ಸೊಸೆಯ ಕಾಲು ಹೊಳೆಯಲ್ಲಿ ನೆನೆಯಬಾರದು ಎಂದು ನಮ್ಮ ಮನೆತನದಲ್ಲೊಂದು ಪದ್ಧತಿ. ದೋಣಿಯನ್ನು ದಂಡೆಯ ಒಣ ನೆಲದ ಮೇಲೆ ಇಟ್ಟು, ಅವಳನ್ನು ಅದರಲ್ಲಿ ಕೂರಿಸಿ, ಆಮೇಲೆ ಎಲ್ಲರೂ ಸೇರಿ ನೀರಿಗೆ ನೂಕಬೇಕು. ಹಾಗೇ ನೂಕಿದರು. ನಾನು ಅವಳ ಬಾಜುವಿನ ಹಲಗೆಯ ಮೇಲೆ ಕುಳಿತಿದ್ದೆ. ಭುಜಕ್ಕೆ ಭುಜ ತಾಗುತ್ತಿತ್ತು. ಅವಳು ಅಳುತ್ತಿದ್ದಳು. ನಡುಹೊಳೆಗೆ ಬರುವಷ್ಟರಲ್ಲಿ ಅಳು ನಿಲ್ಲಿಸಿ, ಸೆರಗಿನ ಮರೆಯಲ್ಲೇ ಕೈ ಚಾಚಿ ನೀರು ಮುಟ್ಟಿದಳು. ಏನಾದರೂ ಒಂದು ಒಳ್ಳೆಯ ಮಾತು ಆಡಬೇಕೆಂದು ನಾನು ಯೋಚಿಸತೊಡಗಿದೆ. ಯೋಚಿಸುತ್ತ ಇದ್ದಂತೆ ದಂಡೆ ಬಂದುಬಿಟ್ಟಿತು.

ಆಮೇಲೆ ಅಂಗಡಿ ಬಂತು, ಪೂಲು ಬಂತು, ಮಕ್ಕಳು ಬಂದರು, ಪ್ಲಾಟು ಬಂತು. ಆ ಮಾತು ಮಾತ್ರ ನನ್ನ ಬಾಯಲ್ಲೇ ಉಳಿದಿತ್ತು.

ಈ ಟ್ಯಾಂಕರಿನ ಪ್ರಸಂಗ ಆಗಿ ವಾರ ಕಳೆದಿರಲಿಲ್ಲ, ಸಮಡೋಳಿಯಲ್ಲಿ ಹೊಲ ನೋಡಿಕೊಂಡಿರುವ ನನ್ನ ತಮ್ಮ ಭೂಪಾಲ ಅಂಗಡಿಗೆ ಬಂದ. ಪೈಪಿನ ತುಂಡೊಂದನ್ನು ಆರಿಸುತ್ತ, ಏನೋ ಸಣ್ಣ ವಿಷಯವೆಂಬಂತೆ ಹೇಳಿದ.

"ಅಣ್ಣಾ, ಬೆಲ್ಲದ ಗಾಣಾ ಚಾಲೂ ಆತು. ಒಲೀಗಿ ಕಟಗಿ ಸಾಲವಲ್ದು. ಆ ಹಳೀ ದ್ವಾಣಿ ಸುಮ್ನ ಗೋದ್ಲಿ ಬಾಜೂಕ ಬಿದ್ದೈತಿ. ಒಡದ ಹಾಕ್ಲೇನು?"

"ಕೈ ಹಚ್ಚಿದ್ರ ನೋಡ ಮತ್ತ!" ಎಂದು ನಾನು ಕೂಗಿದ್ದಕ್ಕೆ ಗಿರಾಕಿಗಳು ಹೊರಗೆ ಹೋದರು.

ಅಂದು ಸಂಜೆಯೇ ರಾಜಮತಿಯ ಮುಂದೆ ನನ್ನ ಯೋಜನೆಯನ್ನು ಮಂಡಿಸಿದೆ. "ದ್ವಾಣಿ ತಂದು ಹರಿಪುರದ ಸಂಗಮದಾಗ ಬಿಡ್ತೇನಿ. ನೀ ಮದಿವಿ ದಿನಾ ಹತ್ತಿದಂಗ ಒಣಾ ನೆಲದ ಮ್ಯಾಲ ಹತ್ತಿ ಕುಂದ್ರು. ನಾ ಬಾಜೂಕ ಕುಂದರ್ತೇನಿ. ಇಬ್ರೂ ಆಚಿ ದಂಡಿ ಮುಟ್ಟಿ ಬರೂಣು."

ಅವಳು ನನ್ನ ಮುಖವನ್ನೇ ನೋಡಿದಳು. "ರಸ್ತಾದ ಮ್ಯಾಲ ತರ್ತೀರಿ ದ್ವಾಣಿ?"

"ಮತ್ತೇನ ವಿಮಾನದಾಗ ತರ್ಲಿ?"

ಅವಳು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದಳು. ಒಳಗೆ ಹೋಗಿ ಟ್ರಂಕಿನ ಬಾಯಿ ತೆಗೆದು ಮದುವೆಯ ಇಳಕಲ್ ಸೀರೆಗೆ ನುಸಿ ಹತ್ತಿದೆಯೇ ಎಂದು ಬಿಡಿಸಿ ನೋಡತೊಡಗಿದಳು. ನನ್ನ ಯೋಜನೆ ಸರ್ವಾನುಮತದಿಂದ ಅಂಗೀಕಾರವಾಯಿತು ಎಂದು ತಿಳಿದೆ.

ಇಲ್ಲಿಗೆ ಎಲ್ಲವೂ ಸರಿಯಾಗಿತ್ತು. ಕೆಡಿಸಿದ್ದು ಕೇಬಲ್ ಟೀವಿ. ಇಂಗ್ಲಿಷ್ ಚಾನೆಲ್ಲೊಂದರಲ್ಲಿ ಚಡ್ಡಿ ಹಾಕಿದ ಒಬ್ಬ ಬಿಳಿ ಮನುಷ್ಯ, ಮನೆಯಷ್ಟು ದೊಡ್ಡ ಮೋಟಾರಿನ ಹಿಂದೆ ಹಾಲಿನಷ್ಟು ಬಿಳಿಯ ದೋಣಿ ಕಟ್ಟಿಕೊಂಡು ಕೆರೆಗೆ ಹೋಗುತ್ತಿದ್ದ. ದೇವರೇ ತೋರಿಸಿದಂತಾಯಿತು! ನಾನು ಕುರ್ಚಿಯನ್ನು ಮುಂದೆ ಎಳೆದುಕೊಂಡು ಕುಳಿತೆ. ಆತ ಬೆರಳೆತ್ತಿ, ಮತ್ತೆ ಮತ್ತೆ, ಬಹಳ ಕಳವಳದಿಂದ ಹೇಳುತ್ತಿದ್ದದ್ದರಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ: ಟ್ರಾನ್ಸ್‌ಮಿಷನ್.

"ಟ್ರಾನ್ಸ್‌ಮಿಷನ್ ಕೆಡ್ತೈತಂತ," ಎಂದೆ ರಾಜಮತಿಗೆ.

"ಟೀವಿ ಚಲೋ ಕಾಣಾಕತ್ತೈತಲ್ರಿ?" ಎಂದಳು.

"ಟೀವೀದಲ್ಲ. ಗಾಡೀದು. ದ್ವಾಣಿ ಎಳದ್ರ ಗೇರ್ ಬಾಕ್ಸ ಹೋಗ್ತೈತಿ ಅನ್ನಾಕತ್ತಾನ."

ಅಂದಿನಿಂದ ನನ್ನ ತಲೆಯೊಳಗೆ ಆ ಗೇರ್ ಬಾಕ್ಸು ಬಂದು ಕುಳಿತಿತು. ದೋಣಿ ಮೂಲೆಗೆ ಸರಿಯಿತು.

ಮರುದಿನವೇ ಜೀಪು ತೆಗೆದುಕೊಂಡು ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿರುವ ದಸ್ತಗೀರ ಮಿಸ್ತ್ರಿಯ ವರ್ಕ್‌ಶಾಪಿಗೆ ಹೋದೆ. ಮಿಸ್ತ್ರಿಗೆ ಕೆಲಸಕ್ಕಿಂತ ಮಾತು ಹೆಚ್ಚು. ಮಾತಿಗಿಂತ ಬಡಾಯಿ ಹೆಚ್ಚು. ಕಬ್ಬಿನ ಟ್ರಾಲಿಯ ಹಳೇ ಗಾಲಿ, ಹಳೇ ಅಚ್ಚು ಜೋಡಿಸಿ ದೋಣಿಗೊಂದು ಟ್ರೇಲರ್ ಮಾಡಿಕೊಡುತ್ತೇನೆ ಎಂದ. "ಇದರ ಮ್ಯಾಲ ಆನಿ ಕುಂದರಸ್ರಿ ಸೇಠ. ಆನಿ ದಣದೀತು, ಟ್ರೇಲರ್ ದಣಿಯೂದಿಲ್ಲ!"

"ಟ್ರೇಲರ್ ಬಿಡ್ರಿ. ಗೇರ್ ಬಾಕ್ಸ?"

ಆತ ಜೀಪು ಹತ್ತಿ ಒಂದು ಸುತ್ತು ಹೊಡೆದು ಬಂದು ಮುಖ ಹುಳ್ಳಗೆ ಮಾಡಿದ. "ಗಾಡೀಗಿ ಓಢ ಕಮ್ಮಿ ಐತಿ."

ಈ ಓಢ ಎಂಬ ಶಬ್ದವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಥೆಯೆಲ್ಲ ಇದರ ಮೇಲೆಯೇ ಬಿದ್ದದ್ದು. ಮೂಲ ಮರಾಠಿ. ನಮ್ಮ ಕಡೆಯ ಕನ್ನಡದಲ್ಲಿ ಬಾಡಿಗೆಗೆ ಬಂದು ಮನೆಯವನಂತೆ ಇದ್ದುಬಿಟ್ಟಿದೆ. ಎಂಜಿನ್ನಿನ ಎಳೆಯುವ ಶಕ್ತಿಯೂ ಓಢ, ಮನಸ್ಸಿನ ಎಳೆತವೂ ಓಢ. ಹೊಸದಾಗಿ ಬಂದ ಸೊಸೆ ಮಂಕಾಗಿ ಕುಳಿತರೆ "ತವರ ಮನೀ ಓಢ" ಎನ್ನುತ್ತಾರೆ.

"ಗಾಡೀಗಿ ಕಮ್ಮಿ ಐತಿ, ಸೇಠಗ ಭಾಳ ಐತಿ!" ಎಂದು ಮಿಸ್ತ್ರಿ ನಕ್ಕ. ಆಮೇಲೆ ಗಂಭೀರನಾಗಿ ಉಪದೇಶ ಶುರುಮಾಡಿದ. "ಆಯಿಲ್ ಬದಲಸ್ರಿ. ಸಣ್ಣ ಗೇರದಾಗ ಸಾವಕಾಶ ಹೊಡೀರಿ. ಕ್ಲಚ್ಚಿನ ಮ್ಯಾಲ ಕಾಲ ಇಟ್ಕೊಂಡ ಕುಂದರಬ್ಯಾಡ್ರಿ. ಕಾದಂಗ ಅನಿಸಿದ್ರ ನಿಂದರಸಿ ಆರಾಕ ಬಿಡ್ರಿ."

"ಘಾಟದಾಗ ರಿವರ್ಸ ಹಾಕಿ ನೀರಿಗಿ ಇಳಿಸಬೇಕಲ್ಲ?"

"ರಿವರ್ಸದಾಗ? ಆ ವಜ್ಜಿ ಕಟ್ಕೊಂಡು?" ಮಿಸ್ತ್ರಿ ಎರಡೂ ಕಿವಿ ಮುಟ್ಟಿಕೊಂಡ. "ಗೇರ್ ಬಾಕ್ಸಿನ ದಿನಾ ತಿಥಿ ಮಾಡಾವ್ರೇನು?"

ಆತ ಮಾತಿಗೆ ಹೇಳಿದ್ದ. ನಾನು ಅದನ್ನು ಶಾಸ್ತ್ರವೆಂದು ತೆಗೆದುಕೊಂಡೆ. ಗೇರ್ ಆಯಿಲ್ ಬದಲಾಯಿಸಿದೆ. ಅದು ಸರಿಯಾದದ್ದೋ ಅಲ್ಲವೋ ಎಂಬ ಸಂಶಯ ಬಂದು ಚೆಲ್ಲಿಸಿ ಬೇರೆ ಹಾಕಿಸಿದೆ. ಅದೂ ಕಪ್ಪಗಿದೆ ಎನ್ನಿಸಿ ಮತ್ತೊಮ್ಮೆ ಬದಲಾಯಿಸಿದೆ. ನನ್ನ ಮಕ್ಕಳಿಗೆ ನಾನು ಎಂದೂ ಇಷ್ಟು ಅಭ್ಯಂಜನ ಮಾಡಿಸಿದವನಲ್ಲ.

ದೋಣಿ ತರುವ ದಿನ ಬೆಳಿಗ್ಗೆ ಟ್ರೇಲರ್ ಕಟ್ಟಿಕೊಂಡು ಸಮಡೋಳಿಗೆ ಹೊರಟೆವು. ರಾಜಮತಿ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಕೂದಲಲ್ಲಿ ಅಬ್ಬಲಿಗೆ ಹೂವಿತ್ತು ಎಂದು ನೆನಪು. ಖಾತ್ರಿಯಿಲ್ಲ. ಅಂದು ನಾನು ಅವಳ ಮುಖಕ್ಕಿಂತ ಗೇರಿನ ಹಿಡಿಯನ್ನು ಹೆಚ್ಚು ನೋಡಿದೆ.

ಭೂಪಾಲ ಮತ್ತು ಓಣಿಯವರು ಕೂಡಿ ದೋಣಿಯನ್ನು ಟ್ರೇಲರ್ ಮೇಲೆ ಏರಿಸಿದರು. ಭೂಪಾಲ ಅದರ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಹಲಗಿ ಒಣಗಿ ಸಂದ ಬಿಟ್ಟಾವು ಅಣ್ಣಾ. ಒಂದ ಕೈ ಡಾಂಬರ ಬಡದ ಒಯ್ಯಿ."

"ಅದೆಲ್ಲಾ ಆಮ್ಯಾಲ. ಮೊದಲ ಗೋಣಿಚೀಲಾ ಹಸಿ ಮಾಡ್ಕೊಂಡ ಬಾ, ಗೇರ್ ಬಾಕ್ಸಿಗಿ ಹೊಚ್ಚಬೇಕು."

ಭೂಪಾಲ ನನ್ನನ್ನು ನೋಡಿದ. ಅತ್ತಿಗೆಯನ್ನು ನೋಡಿದ. ಹೋಗಿ ಚೀಲ ತೋಯಿಸಿಕೊಂಡು ಬಂದ. ಅದನ್ನು ಗೇರಿನ ಬುಡಕ್ಕೆ ಸುತ್ತಿದೆ. ಒಣ ನೆಲದ ಮೇಲೆ ದೋಣಿ ಹತ್ತಬೇಕಾದ ರಾಜಮತಿಯ ಕಾಲುಗಳು ಜೀಪಿನಲ್ಲೇ ನೆನೆದವು.

"ಜ್ವರಾ ಬಂದೈತೇನ್ರಿ ಇದಕ್ಕ?" ಎಂದು ಕೇಳಿದಳು.

"ಬರಬಾರದಂತನ ಹಾಕೇನಿ."

ಮೊದಲನೇ ಗೇರಿನಲ್ಲಿ ಹೊರಟೆ. ಎರಡನೆಯದಕ್ಕೆ ಹಾಕಬೇಕೆಂದು ಕೈ ಹೋಗುತ್ತಿತ್ತು, ಟೀವಿಯ ಬಿಳಿ ಮನುಷ್ಯನ ಕಳವಳದ ಮುಖ ನೆನಪಾಗುತ್ತಿತ್ತು, ಕೈ ಹಿಂದೆ ಬರುತ್ತಿತ್ತು. ಕಬ್ಬು ಹೇರಿದ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಯಿತು. ಗಾಡಿಯವನು ಹೋಗುವಾಗ ತಿರುಗಿ, "ಓಢ ಬೇಕೇನ್ರಿ?" ಎಂದು ಕೇಳಿದ. ಮರ ಕಂಡಲ್ಲೆಲ್ಲ ನಿಲ್ಲಿಸಿ, ಚೀಲ ಎತ್ತಿ, ಗೇರ್ ಬಾಕ್ಸಿನ ಮೈ ಮುಟ್ಟಿ ನೋಡಿದೆ. ನಮ್ಮ ಹಿಂದೆ ಬಸ್ಸು, ಲಾರಿ, ಟೆಂಪೋಗಳ ಸಾಲು ಸೇರಿ, ಎಲ್ಲರೂ ಹಾರ್ನು ಹೊಡೆಯುತ್ತ ನಮಗೊಂದು ಮೆರವಣಿಗೆಯ ಕಳೆ ತಂದುಕೊಟ್ಟರು.

ಕೃಷ್ಣಾ ಪೂಲು ದಾಟಿ ಸಾಂಗ್ಲಿಯ ಪೇಟೆ ಹೊಕ್ಕಾಗ ನಾನು ಲೆಕ್ಕಕ್ಕೆ ಹಿಡಿಯದ ಒಂದು ವಿಷಯ ಎದುರಾಯಿತು. ಬೇರೆ ಊರಿನಲ್ಲಿ ರಸ್ತೆಯ ಮೇಲೆ ದೋಣಿ ಬಂದರೆ ಜನ ಬೆರಗಿನಿಂದ ನೋಡುತ್ತಾರೆ. ಸಾಂಗ್ಲಿಯಲ್ಲಿ ರಸ್ತೆಯ ಮೇಲೆ ದೋಣಿ ಬಂದರೆ ಅದಕ್ಕೆ ಒಂದೇ ಅರ್ಥ: ಪೂರ ಬರುತ್ತಿದೆ, ಹೊಳೆ ಊರಿಗೆ ನುಗ್ಗುತ್ತಿದೆ! ದೀಪಾವಳಿ ಮುಗಿದು, ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಆದರೂ ಕಿರಾಣಿ ಅಂಗಡಿಯ ಮಲ್ಲಯ್ಯ ಶೇಠರು ಕುರ್ಚಿಯಿಂದ ಎದ್ದು ನಿಂತರು.

"ನೇಮಣ್ಣಾ! ಡ್ಯಾಮಿನ ನೀರ ಬಿಟ್ಟಾರೇನೋ? ಎಷ್ಟ ಫೂಟ ಬಂತು?"

"ಏನೂ ಬಂದಿಲ್ರಿ ಕಾಕಾ! ಹೇಣ್ತೀನ ಕರಕೊಂಡ ಹೊಂಟೇನಿ, ಅಷ್ಟ!"

ಇದು ನಾನು ಆಡಬಾರದಿದ್ದ ಮಾತು. "ಹೇಣ್ತೀನ ಆಗಲೇ ಸಾಗಸಾಕತ್ತಾನ!" ಎಂದು ಶೇಠರು ಕೂಗಿಕೊಂಡರು. ಸಕ್ಕರೆಯ ಚೀಲಗಳು ಅಟ್ಟ ಏರತೊಡಗಿದವು. ಪಕ್ಕದ ಬಟ್ಟೆಯಂಗಡಿಯವನು ಸೀರೆಯ ಗಂಟು ಹೊತ್ತು ಮಹಡಿಗೆ ಓಡಿದ. ನಾನು ಆ ಬೀದಿಯಿಂದ ವೇಗವಾಗಿ ಪಾರಾಗಿಬಿಡಬಹುದಿತ್ತು. ಅದಕ್ಕೆ ಎರಡನೇ ಗೇರು ಹಾಕಬೇಕಿತ್ತು! ಹಾಕಲಿಲ್ಲ. ಶವಯಾತ್ರೆಯ ಗತಿಯಲ್ಲಿ ಇಡೀ ಪೇಟೆಗೆ ಸುಳ್ಳು ಪೂರದ ಸುದ್ದಿ ಹಂಚುತ್ತ ಸಾಗಿದೆ. ರಾಜಮತಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಾಚಿಕೆಯಿಂದ ಎಂದು ತಿಳಿದೆ. ಸೆರಗು ಅಲುಗುತ್ತಿದ್ದದ್ದು ನಗುವಿನಿಂದ.

ಹರಿಪುರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಘಾಟಿನ ಪಕ್ಕದಲ್ಲಿ ಎತ್ತುಗಳ ಮೈ ತೊಳೆಯಲು ಇಳಿಸುವ ಇಳಿಜಾರು ದಾರಿಯಿದೆ. ಎದುರಿಗೆ ವಾರಣಾ ಬಂದು ಕೃಷ್ಣೆಯನ್ನು ಕೂಡುವ ಜಾಗ. ರಾಜಮತಿ ಇಳಿದವಳೇ ಸುಮ್ಮನೆ ನಿಂತು ಆ ನೀರನ್ನು ನೋಡಿದಳು. ವಾರಣೆ ಅವಳ ತವರಿನ ಹೊಳೆ. ಸಂಗಮದ ಆಚೆ ಕಾಣುವ ಮರಳಿನ ದಂಡೆ ಅವಳ ತವರಿನ ಕಡೆಯದು. ಎಷ್ಟು ವರ್ಷಗಳ ಮೇಲೆ ಆ ಮುಖದಲ್ಲಿ ಆ ಕಳೆ ಕಂಡೆ! ನನ್ನ ಎದೆ ತುಂಬಿ ಬಂತು. ಇನ್ನೇನು ಬೇಕಿತ್ತು? ದೋಣಿ ನೀರಿಗೆ ಇಳಿಯಬೇಕು, ನಾನು ಅವಳ ಬಾಜು ಕೂರಬೇಕು, ಬಾಯಲ್ಲಿ ಉಳಿದ ಮಾತು ಆಡಬೇಕು. ಇಷ್ಟೇ.

ನೂಕಲಿಕ್ಕೆಂದು ಆರಗದಿಂದ ನನ್ನ ಅಕ್ಕನ ಗಂಡ ಪಾಯಗೊಂಡ ಭಾವ ತಮ್ಮ ಹೊಲದ ಆಳುಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಗಟ್ಟಿ ಮನುಷ್ಯರು. "ರಿವರ್ಸ ಹಾಕಿ ಬಿಡೋ ನೇಮೂ, ತಾಸಿನ ಕೆಲಸಾ ಕ್ಷಣದಾಗ ಆಗ್ತೈತಿ," ಎಂದರು.

"ಸಾಧ್ಯ ಇಲ್ರಿ ಭಾವಾ. ಗೇರ್ ಬಾಕ್ಸ ಹೋಗ್ತೈತಿ."

ಟ್ರೇಲರನ್ನು ಜೀಪಿನಿಂದ ಬಿಚ್ಚಿಸಿದೆ. ಜೀಪನ್ನು ಮೇಲೆ ಹುಣಸೆಮರದ ನೆರಳಲ್ಲಿ ನಿಲ್ಲಿಸಿ, ಚೀಲಕ್ಕೆ ಮತ್ತೆ ನೀರು ಹೊಡೆದು ಬಂದೆ. ಟ್ರೇಲರಿಗೆ ಹಗ್ಗ ಕಟ್ಟಿ, ಎಲ್ಲರೂ ಹಿಡಿದು, ಬಾವಿಗೆ ಕೊಡ ಬಿಟ್ಟಂತೆ ನಿಧಾನವಾಗಿ ಇಳಿಜಾರಿನಲ್ಲಿ ಬಿಡುವುದು ಎಂದು ತೀರ್ಮಾನವಾಯಿತು. ಪದ್ಧತಿಯಂತೆ ರಾಜಮತಿ ಒಣ ನೆಲದ ಮೇಲೆಯೇ ದೋಣಿ ಹತ್ತಿ ಹಲಗೆಯ ಮೇಲೆ ಕುಳಿತಳು. ಹೊಳೆಗೆ ಉಡಿ ತುಂಬಲು ತಂದ ಕಾಯಿ, ಅಕ್ಕಿ, ಹಿತ್ತಾಳೆಯ ತಂಬಿಗೆ ಮಡಿಲಲ್ಲಿದ್ದವು. ಬಾಜುವಿನಲ್ಲಿ ನನಗೆಂದು ಜಾಗ ಬಿಟ್ಟಿದ್ದಳು. ನಾನು ಹಗ್ಗದ ಮುಂದಿನ ತುದಿ ಹಿಡಿದೆ. ನೀರು ಮುಟ್ಟಿದ ಕೂಡಲೇ ಹಾರಿ ಕೂರುವುದು ನನ್ನ ಲೆಕ್ಕ.

ಅರ್ಧ ಇಳಿಜಾರು ಚೆನ್ನಾಗಿಯೇ ಇಳಿಯಿತು. ಆಮೇಲೆ ಟ್ರೇಲರಿನ ಗಾಲಿ ಹಸಿ ಕೆಸರಿಗೆ ಬಿತ್ತು. ಒಮ್ಮೆಲೇ ಭಾರ ಕೈಗೆ ಬಂತು, ಹಗ್ಗ ಸರ್ರನೆ ಜಾರಿತು. ಘಾಟಿನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ, ಈಜು ಹೊಡೆದು ಕುಳಿತಿದ್ದ ಹರಿಪುರದ ಜನರೆಲ್ಲ ಇದನ್ನು ನೋಡುತ್ತಿದ್ದರು. ಒಳ್ಳೆಯ ಜನ. ನಮ್ಮ ಸಹಾಯಕ್ಕೆಂದು ಎಲ್ಲರೂ ಒಂದೇ ಕಂಠದಿಂದ ಮರಾಠಿಯಲ್ಲಿ ಕೂಗಿದರು:

"ಓಢಾ! ಓಢಾ! ಓಢಾ!"

ಎಳೆಯಿರಿ ಎಂದು ಅರ್ಥ. ಪಾಯಗೊಂಡ ಭಾವನಿಗೆ ಮರಾಠಿ ಬಾರದೆಂದಲ್ಲ. ಆರಗದಲ್ಲಿ ಸಂತೆ ಮಾಡುವುದೆಲ್ಲ ಮರಾಠಿಯಲ್ಲೇ. ನನಗಂತೂ ದಿನವಿಡೀ ಗಿರಾಕಿಗಳೊಡನೆ ಅದೇ ಭಾಷೆ. ಆದರೆ ಗಾಬರಿಯಾದಾಗ ಮನುಷ್ಯನ ಕಿವಿ ತಾಯಿಭಾಷೆಗೆ ತಿರುಗಿಬಿಡುತ್ತದೆ ಎಂಬ ಮಹಾಸತ್ಯ ನನಗೆ ಅಂದು ತಿಳಿಯಿತು. ನಮ್ಮ ಕಿವಿಗೆ ಅದು ಕೇಳಿದ್ದು ಅಚ್ಚ ಕನ್ನಡದಲ್ಲಿ.

ಓಡ! ಓಡ! ಓಡ!

ಓಡಿದೆವು! ಹಗ್ಗ ಬಿಸಾಡಿ, ಚಪ್ಪಲಿ ಬಿಟ್ಟು, ಏನಾಯಿತು ಏಕಾಯಿತು ಎಂದು ಕೇಳದೆ, ಆರಗದ ಗಟ್ಟಿ ಮನುಷ್ಯರೆಲ್ಲ ದಿಬ್ಬ ಏರಿ ಓಡಿದರು. ಎಲ್ಲರಿಗಿಂತ ಮುಂದೆ ಓಡಿದವನು ನಾನು. ಎಲ್ಲಿಗೆ ಓಡಿದೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಜೀಪಿನ ಹತ್ತಿರ! ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಗೇರ್ ಬಾಕ್ಸನ್ನು ಯಾರೋ ಕದಿಯಲು ಬಂದಿದ್ದಾರೆ ಎಂಬಂತೆ ನಿಂತೆ.

ನಿಂತು ತಿರುಗಿ ನೋಡಿದರೆ ಟ್ರೇಲರು ನೀರಿನಲ್ಲಿ ಮುಳುಗಿತ್ತು. ದೋಣಿ ಅದರಿಂದ ಬಿಡಿಸಿಕೊಂಡು, ಒಂದು ಸುತ್ತು ಗಿರ್ರನೆ ತಿರುಗಿ, ಸೆಳವಿಗೆ ಸಿಕ್ಕಿ ಹೊರಟಿತ್ತು. ಅದರಲ್ಲಿ ರಾಜಮತಿ. ಬಾಜುವಿನ ಹಲಗೆ ಖಾಲಿ.

"ರಾಜಮತೀ!" ಎಂದು ಕೂಗುತ್ತ ಮತ್ತೆ ಕೆಳಗೆ ಓಡಿದೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಜಾರಿ ಹೋದ ಹಗ್ಗದ ತುದಿಯನ್ನು ಹಿಡಿಯಲು ಮೊಣಕಾಲುದ್ದ ನೀರಿಗೆ ಇಳಿದು, ಕಾಲು ಜಾರಿ, ಮೊದಲೇ ಹೇಳಿದಂತೆ ನೀರು ಕುಡಿದೆ. ನನ್ನ ಹಿಂದೆ ಭಾವ ಮತ್ತು ಹರಿಪುರದವರ ನಡುವೆ ಜಗಳ ಹತ್ತಿತ್ತು.

"ನೀವಽ ಓಡ ಅಂದ್ರಿ!"

"ಆಮ್ಹೀ ಓಢಾ ಮ್ಹಣಾಲೋ!" ಎಳೆಯಿರಿ ಎಂದೆವು ಎನ್ನುವುದು ಅವರ ವಾದ.

"ಮತ್ತ ಓಡಿದಿವಲ್ಲ!"

ಹೆದರಿದವನು ನಾನು. ರಾಜಮತಿ ಹೆದರಿರಲಿಲ್ಲ. ಹೊಳೆಯ ಊರಿನ ಮಗಳು. ದೋಣಿಯಲ್ಲಿದ್ದ ಬಿದಿರಿನ ಗಳವನ್ನು ಎತ್ತಿಕೊಂಡು, ಇಳಕಲ್ ಸೀರೆಯ ಕಚ್ಚೆ ಬಿಗಿದು, ಆಚೆ ದಂಡೆಯ ಕಡೆ ಮೂತಿ ತಿರುಗಿಸಿ ಊರತೊಡಗಿದಳು. ನಡುಹೊಳೆಗೆ ಹೋದ ಮೇಲೆ ಒಮ್ಮೆ ನಿಂತು ನನ್ನ ಕಡೆ ನೋಡಿದಳು. ನೀರಿನ ಮೇಲಿಂದ ಅವಳ ದನಿ ತೇಲಿ ಬಂತು:

"ಏನ್ರೀ... ಗೇರ್ ಬಾಕ್ಸ ಹ್ಯಾಂಗೈತ್ರೀ?"

ಘಾಟಿನ ಜನರೆಲ್ಲ ನನ್ನ ಕಡೆ ತಿರುಗಿದರು.

ಆಗಲೇ ಕಂಡಿತು, ಅವಳು ಗಳ ಕೆಳಗಿಟ್ಟು ತಂಬಿಗೆಯಿಂದ ನೀರು ಹೊರಗೆ ಚೆಲ್ಲುತ್ತಿದ್ದಾಳೆ. ಒಣಗಿದ ಹಲಗೆಗಳು! ಗೇರ್ ಬಾಕ್ಸಿಗೆ ಮೂರು ಸಲ ಎಣ್ಣೆ ಎರೆದವನು ದೋಣಿಗೆ ಒಂದು ಹನಿ ಡಾಂಬರು ಹಚ್ಚಿರಲಿಲ್ಲ. ಒಮ್ಮೆ ಚೆಲ್ಲುವಳು, ಒಮ್ಮೆ ಗಳ ಊರುವಳು. ದೋಣಿ ತಗ್ಗುತ್ತ ತಗ್ಗುತ್ತ ಹೋಗಿ ಆಚೆಯ ಮರಳಿಗೆ ಮೂತಿ ಇಟ್ಟಿತು. ನನಗೆ ಆಗ ಉಸಿರು ಬಂತು.

ಜೀಪು ಹತ್ತಿದೆ. ಅವಳನ್ನು ತರಲು ಅಂಕಲಿಯ ಪೂಲಿನ ಮೇಲಿಂದ ಸುತ್ತು ಹಾಕಿ ಹೋಗಬೇಕು. ದಾರಿಯುದ್ದಕ್ಕೂ ಒಂದೇ ಯೋಚನೆ. ನಮ್ಮ ಕನ್ನಡ ಶಾಲೆಯ ಮಾಸ್ತರರು, ಹಿಂದಿನವರ ಕನ್ನಡದಲ್ಲಿ ಓಡ ಎಂದರೆ ದೋಣಿ ಎಂದೇ ಅರ್ಥ ಎನ್ನುತ್ತಿದ್ದರು. ಎಂಥ ಶಬ್ದವಯ್ಯಾ! ಎಳೆ ಎಂದರೂ ಅದೇ, ಓಡು ಎಂದರೂ ಅದೇ, ದೋಣಿ ಎಂದರೂ ಅದೇ, ಮನಸ್ಸು ಒದ್ದಾಡುವುದಕ್ಕೂ ಅದೇ. ಅಷ್ಟು ಅರ್ಥಗಳಲ್ಲಿ ನಾನು ಆರಿಸಿಕೊಂಡದ್ದು ಓಡಿಹೋಗುವುದನ್ನು! ಹೀಗೆ ಹಳಹಳಿಸುತ್ತ ಅಂಕಲಿ ದಾಟುವಾಗ ಹಿಂದಿನಿಂದ ಯಾರೋ ಹಾರ್ನು ಹೊಡೆದರು. ಜೀಪಿನ ಹಿಂದೆ ಈಗ ಏನೂ ಕಟ್ಟಿಲ್ಲ ಎಂಬುದು ಅಷ್ಟು ಹೊತ್ತಿಗೆ ನೆನಪಾಯಿತು. ಅಲ್ಲಿಯವರೆಗೂ ಮೊದಲನೇ ಗೇರಿನಲ್ಲೇ ಇದ್ದೆ.

ಕಬ್ಬಿನ ಹೊಲಗಳ ನಡುವಿನ ಗಾಡಿದಾರಿ ಹಿಡಿದು ದಂಡೆಗೆ ಬಂದೆ. ಅವಸರದಲ್ಲಿ ಜೀಪನ್ನು ಮರಳಿನೊಳಗೇ ಇಳಿಸಿದೆ. ಅದು ನಾಲ್ಕು ಮಾರು ಬಂದು, ಗುರ್ ಎಂದು, ಹೊಟ್ಟೆ ಊರಿ ಕುಳಿತಿತು. ನಾನು ಇಳಿದು ಓಡಿದೆ. ಈ ಸಲ ಸರಿಯಾದ ದಿಕ್ಕಿಗೆ.

ದೋಣಿಯ ಅರ್ಧ ಮೈ ಮರಳಿನಲ್ಲಿ, ಅರ್ಧ ನೀರಿನಲ್ಲಿ. ಒಳಗೆ ಪಾದ ಮುಳುಗುವಷ್ಟು ನೀರು. ರಾಜಮತಿ ಅದೇ ಹಲಗೆಯ ಮೇಲೆ ಕುಳಿತು ಹೊಳೆ ನೋಡುತ್ತಿದ್ದಳು. ಬಾಜುವಿನ ಜಾಗ ಹಾಗೇ ಖಾಲಿ ಇತ್ತು. ನಾನು ಹತ್ತಿ ಕುಳಿತೆ. ಭುಜಕ್ಕೆ ಭುಜ ತಾಗಿತು. ವಾರಣೆಯ ನೀರು ದೋಣಿಯ ಮೈಗೆ ಬಡಿದು ಸಪ್ಪಳ ಮಾಡುತ್ತಿತ್ತು. ಅವಳು ಕಣ್ಣು ಮುಚ್ಚಿರಲಿಲ್ಲ. ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡ ಮಾತು ಆಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ ಎಂದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

"ಗೇರ್ ಬಾಕ್ಸಿಗಿ ಏನೂ ಆಗಿಲ್ಲ," ಎಂದೆ.

ರಾಜಮತಿ ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಕ್ಕು ದಣಿದ ಮೇಲೆ ಎದುರಿನ ನೀರನ್ನು ತೋರಿಸಿದಳು.

"ಈ ವಾರಣಾ ಎಲ್ಲಿಂದ ಬರ್ತೈತ್ರಿ?"

"ಸಮಡೋಳೀ ಕಡಿಂದ," ಎಂದವನು ಅಲ್ಲಿಗೇ ನಿಂತೆ. ಭೂಪಾಲನ ದನದ ಗೋದಲಿಯಿಂದ ವಾರಣೆ ಕೂಗಳತೆಯ ದೂರ. ಅಲ್ಲಿ ನೀರಿಗೆ ನೂಕಿದ್ದರೆ ದೋಣಿ ತನ್ನ ಪಾಡಿಗೆ ತೇಲಿಕೊಂಡು ನೇರ ಇಲ್ಲಿಗೇ ಬರುತ್ತಿತ್ತು! ಜೀಪು ಬೇಡ, ಟ್ರೇಲರು ಬೇಡ, ಗೇರು ಬೇಡ. ಊರೆಲ್ಲ ನನಗೆ ಸಲಹೆ ಕೊಟ್ಟಿತ್ತು. ಇದನ್ನು ಯಾರೂ ಹೇಳಿರಲಿಲ್ಲ.

"ನಿನಗ ಮೊದಲಽ ಗೊತ್ತಿತ್ತು?"

"ನೀವು ಹೇಳಿದ ದಿನಾನಽ ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ?"

ಅವಳು ತಂಬಿಗೆಯನ್ನು ದೋಣಿಯ ನೀರಿನಲ್ಲಿ ಅದ್ದಿ ಸುಮ್ಮನೆ ಹೊರಗೆ ಸುರಿದಳು. "ನನ್ನ ಸಲುವಾಗಿ ನೀವು ಹಿಂಗ ಒದ್ದಾಡೂದ ನೋಡಿ ಭಾಳ ವರ್ಷ ಆಗಿತ್ರಿ," ಎಂದಳು. "ಇನ್ನೊಂದೀಟ ನೋಡೂಣಂತ ಸುಮ್ನಿದ್ದೆ."

ಅವಳ ಕೈಯ ಮೇಲೆ ಕೈ ಇಟ್ಟೆ. ಒದ್ದೆಯಾಗಿತ್ತು. ಮಾತಿನ ಅವಶ್ಯಕತೆ ಇನ್ನು ಇರಲಿಕ್ಕಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಹೊಲದಿಂದ ಎತ್ತು ಹೊಡೆದುಕೊಂಡು ಮನೆಗೆ ಹೊರಟಿದ್ದ ಒಬ್ಬ ಮುದುಕ ದಂಡೆಗೆ ಬಂದ. ಮರಳಿನಲ್ಲಿ ಹೂತು ಕುಳಿತ ಜೀಪನ್ನು ಒಂದು ಸುತ್ತು ಹಾಕಿ ನೋಡಿದ.

"ಏನ ಕೆಟ್ಟೈತ್ರಿ ಗಾಡೀದು?"

ಕೇಳಿದವರಿಗೆ ಸರಿಯಾದ ಉತ್ತರ ಕೊಡುವುದು ವ್ಯಾಪಾರಿಯ ಧರ್ಮ. "ಏನೂ ಕೆಟ್ಟಿಲ್ಲ ಕಾಕಾ," ಎಂದೆ ಎದೆಯುಬ್ಬಿಸಿ. "ಗೇರ್ ಬಾಕ್ಸ ಅಂತೂ ಬಂಗಾರ ಆದಂಗೈತಿ!"

ಮುದುಕ ಅಚ್ಚಿನತನಕ ಹೂತ ಗಾಲಿಗಳನ್ನು ನೋಡಿದ. ನೀರು ತುಂಬಿದ ದೋಣಿಯನ್ನು, ಅದರಲ್ಲಿ ಕುಳಿತ ಇಳಕಲ್ ಸೀರೆಯ ಹೆಂಗಸನ್ನು, ತಲೆಯಿಂದ ಕಾಲಿನವರೆಗೆ ತೊಯ್ದ ನನ್ನನ್ನು ನೋಡಿದ. ಎತ್ತುಗಳ ಮೂಗುದಾಣ ಬಿಗಿಹಿಡಿದು, ಸಮಾಧಾನದಿಂದ ಹೇಳಿದ:

"ಹಂಗಾರ ಅದನ್ನಷ್ಟ ಬಿಚ್ಚಿ ಬಗಲಾಗ ಹಿಡಕೊಂಡ ಮನೀಗಿ ಹೋಗ್ರಲ್ಲ."